ಒಂದೇ ವಿಳಾಸಕ್ಕೆ ಇಬ್ಬರು ವಾರಸುದಾರರು

ಆಫೀಸಿನ ಪ್ರಿಂಟರ್ ಇದ್ದಕ್ಕಿದ್ದಂತೆ ಕೈಕೊಡುತ್ತದೆ. ಹತ್ತು ನಿಮಿಷ ಬಿಟ್ಟರೆ ತಾನಾಗಿಯೇ ಸರಿಹೋಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಮತ್ತೆ ಅದೇ ಕಥೆ. ಕೇಬಲ್ ಬದಲಾಯಿಸುತ್ತಾರೆ, ಪ್ರಿಂಟರನ್ನು ಆರಿಸಿ ಹಚ್ಚುತ್ತಾರೆ, ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿ ಬೈಯುತ್ತಾರೆ. ಕೊನೆಗೆ ಯಾರದೋ ಲ್ಯಾಪ್‌ಟಾಪಿನ ಮೂಲೆಯಲ್ಲಿ ಒಂದು ಸಣ್ಣ ಸೂಚನೆ ಕಾಣಿಸುತ್ತದೆ: ಇದೇ ಜಾಲದಲ್ಲಿ ಇನ್ನೊಂದು ಯಂತ್ರವೂ ಇದೇ ಐಪಿ ವಿಳಾಸವನ್ನು ಬಳಸುತ್ತಿದೆ.

ಮುಂಬೈಯ ಫ್ಲಾಟಿನಲ್ಲಿರಲಿ, ಹೈದರಾಬಾದಿನ ಆಫೀಸಿನಲ್ಲಿರಲಿ, ಈ ಸೂಚನೆಯನ್ನು ನಿಮ್ಮಲ್ಲಿ ಹಲವರು ಒಮ್ಮೆಯಾದರೂ ನೋಡಿರುತ್ತೀರಿ. ನೋಡಿ, ಮುಚ್ಚಿ, ರೂಟರ್ ಆರಿಸಿ ಹಚ್ಚಿ ಮರೆತಿರುತ್ತೀರಿ. ಆದರೆ ಆ ಒಂದು ಸಾಲಿನ ಹಿಂದೆ ಐವತ್ತು ವರ್ಷಗಳ ಒಂದು ಪ್ರಶ್ನೆ ಇದೆ. ಒಂದೇ ಬೀದಿಯಲ್ಲಿ ಇಬ್ಬರು ಒಂದೇ ಹೆಸರು ಹೇಳಿಕೊಂಡು ನಿಂತರೆ, ನಿಜವಾದವರು ಯಾರೆಂದು ತೀರ್ಮಾನಿಸುವುದು ಹೇಗೆ? ತೀರ್ಮಾನಿಸಲು ಆಗದೇ ಹೋದರೆ ಬೀದಿಯ ಬದುಕು ಮುಂದೆ ಸಾಗುವುದು ಹೇಗೆ?

ವಿಳಾಸ ಮತ್ತು ಪತ್ತೆ

ಮೊದಲು ಪದಗಳಿಂದಲೇ ಶುರುಮಾಡೋಣ. ನನ್ನ ಕಸುಬು ಅದೇ. ಸಂಸ್ಕೃತದಲ್ಲಿ ವಿಲಾಸ ಎಂದರೆ ಲೀಲೆ, ಬೆಡಗು. ಕನ್ನಡಕ್ಕೆ ಬಂದ ವಿಳಾಸ ಲಕೋಟೆಯ ಮೇಲೆ ಹೋಗಿ ಕುಳಿತಿತು. ಚೆನ್ನೈಯಲ್ಲಿರುವವರು ಬಸ್ಸಿನಲ್ಲೂ ಬ್ಯಾಂಕಿನಲ್ಲೂ ಮುಗವರಿ ಎಂಬ ಪದವನ್ನು ಕೇಳಿರುತ್ತೀರಿ. ಮುಖದ ಸಾಲು ಎನ್ನುವ ಹಾಗಿದೆ ಅದು. ಹೈದರಾಬಾದಿನಲ್ಲಿ ಚಿರುನಾಮಾ. ಪುಣೆಯಲ್ಲಿ ಪತ್ತಾ, ದೆಹಲಿಯಲ್ಲಿ ಪತಾ. ಇದೇ ಮನೆತನದ ಪತ್ತೆ ನಮ್ಮಲ್ಲೂ ಇದೆ, ಆದರೆ ನಮಗದು ಲಕೋಟೆಯ ಪದವಲ್ಲ, ಪತ್ತೇದಾರನ ಪದ. ಕಳೆದುಹೋದದ್ದು ಎಲ್ಲಿದೆ ಎಂಬುದರ ಸುಳಿವು.

ಅಂದರೆ ಈ ಪದಗಳಲ್ಲಿ ಎರಡು ಅರ್ಥಗಳು ಅಕ್ಕಪಕ್ಕ ಕುಳಿತಿವೆ: ಇವರು ಯಾರು, ಮತ್ತು ಇವರು ಎಲ್ಲಿ ಸಿಗುತ್ತಾರೆ. ಕಂಪ್ಯೂಟರ್ ಜಾಲಗಳ ಇತಿಹಾಸದಲ್ಲಿ ವಿಳಾಸಗಳ ಜಗಳ ಹುಟ್ಟಿದ್ದು ಬಹುಪಾಲು ಈ ಎರಡನ್ನು ಬೇರೆಮಾಡಲು ಹೋಗಿ, ಮತ್ತೆ ಹೊಲಿಯಲು ಹೋಗಿ.

ಹುಟ್ಟುವಾಗಲೇ ಹೆಸರು

1973ರ ಮೇ 22ರಂದು ಕ್ಯಾಲಿಫೋರ್ನಿಯಾದ ಝೆರಾಕ್ಸ್ ಕಂಪನಿಯ ಪಾಲೋ ಆಲ್ಟೋ ಸಂಶೋಧನಾ ಕೇಂದ್ರದಲ್ಲಿ ರಾಬರ್ಟ್ ಮೆಟ್ಕಾಫ್ ಒಂದು ಟಿಪ್ಪಣಿ ಬರೆದರು. ಈಥರ್ನೆಟ್ ಎಂಬ ಹೆಸರು ಶುರುವಾಗುವುದು ಅಲ್ಲಿಂದ. ಒಂದೇ ತಂತಿಗೆ ಹಲವು ಯಂತ್ರಗಳನ್ನು ಜೋಡಿಸುವ ಈ ಏರ್ಪಾಟಿನ ಮೊದಲ ರೂಪದಲ್ಲಿ ಯಂತ್ರದ ಗುರುತಿನ ಸಂಖ್ಯೆ 8 ಬಿಟ್‌ಗಳದ್ದು. ಒಟ್ಟು 256 ಸಂಖ್ಯೆಗಳು. ಒಂದು ಕಟ್ಟಡದೊಳಗೆ ಅಷ್ಟು ಸಾಕು. ಶಾಲೆಯ ಹಾಜರಿ ಪುಸ್ತಕದಲ್ಲಿ ಇಬ್ಬರು ಮಂಜುನಾಥರಿದ್ದರೆ ಮೇಷ್ಟ್ರು ಮಂಜುನಾಥ ಎಚ್., ಮಂಜುನಾಥ ಕೆ. ಎಂದು ಕರೆದು ನಿಭಾಯಿಸುವಂತೆ, ಯಾರಿಗೆ ಯಾವ ಸಂಖ್ಯೆ ಎಂಬುದನ್ನು ಒಬ್ಬರು ನೆನಪಿಟ್ಟುಕೊಂಡರೆ ಆಯಿತು.

ಆದರೆ ಯಂತ್ರವನ್ನು ಒಂದು ಕಟ್ಟಡದಿಂದ ಎತ್ತಿ ಇನ್ನೊಂದು ಕಟ್ಟಡಕ್ಕೆ ಒಯ್ದರೆ? ಅಲ್ಲಿ ಆಗಲೇ ಒಬ್ಬ ಮಂಜುನಾಥ ಎಚ್. ಇದ್ದರೆ? ಈ ಪ್ರಶ್ನೆಗೆ 1981ರಲ್ಲಿ ಝೆರಾಕ್ಸ್‌ನ ಇಬ್ಬರು ಒಂದು ಪ್ರಬಂಧದಲ್ಲಿ ಉತ್ತರ ಕೊಟ್ಟರು: ಯೋಗೇನ್ ದಲಾಲ್ ಮತ್ತು ರಾಬರ್ಟ್ ಪ್ರಿಂಟಿಸ್. ದಲಾಲ್ ನಮ್ಮ ಮುಂಬೈ ಓದುಗರಿಗೆ ಹತ್ತಿರದವರು; ಪವಯಿಯ ಐಐಟಿಯಲ್ಲಿ ಓದಿ ಸ್ಟ್ಯಾನ್‌ಫರ್ಡ್‌ಗೆ ಹೋದವರು. 1974ರ ಡಿಸೆಂಬರಿನಲ್ಲಿ ವಿಂಟ್ ಸರ್ಫ್ ಮತ್ತು ಕಾರ್ಲ್ ಸನ್‌ಶೈನ್ ಜೊತೆ ಸೇರಿ ಇಂದಿನ ಟಿಸಿಪಿಯ ಮೊದಲ ವಿವರಣೆಯನ್ನು ಬರೆದವರಲ್ಲಿ ಅವರೂ ಒಬ್ಬರು.

ದಲಾಲ್ ಮತ್ತು ಪ್ರಿಂಟಿಸ್ ಅವರ ವಾದ ಸರಳ. ಯಂತ್ರದ ಗುರುತು ಅದು ಇರುವ ಜಾಗಕ್ಕೆ ಅಂಟಿರಬಾರದು, ಯಂತ್ರಕ್ಕೇ ಅಂಟಿರಬೇಕು. ಅದಕ್ಕಾಗಿ ಸಂಖ್ಯೆ ಎಷ್ಟು ದೊಡ್ಡದಿರಬೇಕೆಂದರೆ ಜಗತ್ತಿನ ಯಾವ ಎರಡು ಯಂತ್ರಗಳಿಗೂ ಒಂದೇ ಸಂಖ್ಯೆ ಕೊಡುವ ಅಗತ್ಯ ಬೀಳಬಾರದು. ಅವರು ಆರಿಸಿದ್ದು 48 ಬಿಟ್. ಲೆಕ್ಕ ಹಾಕಿದರೆ ಸುಮಾರು 281 ಲಕ್ಷ ಕೋಟಿ ಸಂಖ್ಯೆಗಳು. ತಯಾರಕರಿಗೆ ದೊಡ್ಡ ಕಂತೆಗಳಲ್ಲಿ ಹಂಚಿಬಿಟ್ಟರೆ, ಅವರು ಕಾರ್ಖಾನೆಯಲ್ಲೇ ಒಂದೊಂದು ಯಂತ್ರಕ್ಕೆ ಒಂದೊಂದನ್ನು ಅಚ್ಚೊತ್ತಿ ಕಳಿಸುತ್ತಾರೆ. ಇಂದು ಮ್ಯಾಕ್ ವಿಳಾಸ ಎಂದು ಕರೆಯುವುದು ಇದನ್ನೇ. ಹುಟ್ಟುವಾಗಲೇ ಹೆಸರು, ಊರು ಬದಲಾದರೂ ಹೆಸರು ಬದಲಾಗದು.

ಊರಿಗೆ ಅಂಟಿದ ಹೆಸರು

ಇದೇ 1981ರ ಸೆಪ್ಟೆಂಬರಿನಲ್ಲಿ ಇನ್ನೊಂದು ಪಂಗಡದವರು ಇನ್ನೊಂದು ಬಗೆಯ ವಿಳಾಸವನ್ನು ಪ್ರಕಟಿಸಿದರು. ಜಾನ್ ಪೋಸ್ಟೆಲ್ ಸಂಪಾದಿಸಿದ ಆ ದಾಖಲೆಯ ಸಂಖ್ಯೆ ಆರ್‌ಎಫ್‌ಸಿ 791. ಆರ್‌ಎಫ್‌ಸಿ ಎಂದರೆ ಅಭಿಪ್ರಾಯ ಕೋರಿ ಹಂಚಿದ ಪತ್ರ. ಇಂಟರ್ನೆಟ್ಟಿನ ನಿಯಮಗಳೆಲ್ಲ ಈ ವಿನಯದ ಹೆಸರಿನಲ್ಲೇ ಬಂದಿವೆ. ಅಲ್ಲಿ ವಿಳಾಸ 32 ಬಿಟ್‌ಗಳದ್ದು, ಒಟ್ಟು 429 ಕೋಟಿ ಚಿಲ್ಲರೆ. ಅದರ ಮೊದಲ ಭಾಗ ಜಾಲದ ಹೆಸರು, ಉಳಿದದ್ದು ಆ ಜಾಲದೊಳಗಿನ ಯಂತ್ರದ ಸಂಖ್ಯೆ. ನಮ್ಮಲ್ಲಿ ಊರ ಹೆಸರನ್ನು ಮುಂದಿಟ್ಟು ಹೆಸರು ಹೇಳುವ ರೂಢಿಯಂತೆ: ಮೊದಲು ಊರು, ಆಮೇಲೆ ವ್ಯಕ್ತಿ. ವ್ಯತ್ಯಾಸ ಒಂದೇ. ನಾವು ಊರು ಬಿಟ್ಟರೂ ಇನಿಶಿಯಲ್ ನಮ್ಮೊಂದಿಗೆ ಪುಣೆಗೂ ದೆಹಲಿಗೂ ಬರುತ್ತದೆ. ಐಪಿ ವಿಳಾಸ ಹಾಗಲ್ಲ, ಊರು ಬಿಟ್ಟರೆ ಹೆಸರನ್ನೂ ಬಿಡಬೇಕು.

ಆಗ ಈ ಸಂಖ್ಯೆಗಳ ಲೆಕ್ಕ ಇಡುತ್ತಿದ್ದದ್ದು ಮನುಷ್ಯರು. ಯಾವ ಜಾಲಕ್ಕೆ ಯಾವ ಸಂಖ್ಯೆ ಎಂಬ ಪಟ್ಟಿ ಪೋಸ್ಟೆಲ್ ಅವರ ಬಳಿ. ಯಂತ್ರಗಳ ಹೆಸರುಗಳ ಕಡತ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ನಡೆಸುತ್ತಿದ್ದ ಮಾಹಿತಿ ಕೇಂದ್ರದ ಬಳಿ. ಊರ ಶಾನುಭೋಗರ ಖಾತೆಯಂತೆ, ಅಲ್ಲಿ ಬರೆದದ್ದೇ ಸತ್ಯ. 1983ರ ಜನವರಿ 1ರಂದು ಅಮೆರಿಕದ ಆರ್ಪಾನೆಟ್ ತನ್ನ ಹಳೆಯ ನಿಯಮಗಳನ್ನು ಬಿಟ್ಟು ಹೊಸ ಐಪಿಗೆ ಬದಲಾಯಿತು.

ಹೀಗೆ ಒಂದೊಂದು ಯಂತ್ರಕ್ಕೂ ಎರಡೆರಡು ಗುರುತುಗಳಾದವು. ಕಾರ್ಖಾನೆ ಕೊಟ್ಟದ್ದೊಂದು, ಊರು ಕೊಟ್ಟದ್ದೊಂದು. ಎರಡರ ನಡುವೆ ಯಾರಾದರೂ ದುಭಾಷಿ ಬೇಕಲ್ಲ?

ದುಭಾಷಿಯ ನಿಘಂಟು

ಆ ದುಭಾಷಿ 1982ರ ನವೆಂಬರಿನಲ್ಲಿ ಬಂತು. ಅಮೆರಿಕದ ಎಂಐಟಿಯ ಡೇವಿಡ್ ಪ್ಲಮ್ಮರ್ ಬರೆದ ಆರ್‌ಎಫ್‌ಸಿ 826. ಅದರ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಎಲ್ಲರೂ ಆರ್ಪ್ ಎನ್ನುತ್ತಾರೆ.

ಇದರ ಕೆಲಸ ಹೀಗೆ. ಒಂದು ಯಂತ್ರಕ್ಕೆ 192.168.1.10ಕ್ಕೆ ಏನೋ ಕಳಿಸಬೇಕು. ಆ ವಿಳಾಸದ ಯಂತ್ರದ ಕಾರ್ಖಾನೆ ಸಂಖ್ಯೆ ಗೊತ್ತಿಲ್ಲ. ಆಗ ಅದು ಇಡೀ ಬೀದಿಗೆ ಕೇಳುವಂತೆ ಕೂಗುತ್ತದೆ: ಹತ್ತನೇ ನಂಬರಿನವರು ಯಾರು? ಹತ್ತನೆಯವರು ಮಾತ್ರ ಉತ್ತರಿಸುತ್ತಾರೆ: ನಾನೇ, ನನ್ನ ಕಾರ್ಖಾನೆ ಸಂಖ್ಯೆ ಇದು. ಕೇಳಿದವರು ಅದನ್ನು ತಮ್ಮ ಪುಟ್ಟ ನಿಘಂಟಿನಲ್ಲಿ ಬರೆದಿಟ್ಟುಕೊಳ್ಳುತ್ತಾರೆ. ಆ ನಮೂದು ಕೆಲವು ಸಾಧನಗಳಲ್ಲಿ ನಿಮಿಷಗಳ ಕಾಲ, ಕೆಲವುಗಳಲ್ಲಿ ಗಂಟೆಗಳ ಕಾಲ ಉಳಿಯುತ್ತದೆ.

ಇಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಯಾರದೋ ಕೂಗು ಕಿವಿಗೆ ಬಿದ್ದಾಗ, ಕೂಗಿದವರ ವಿಳಾಸ ಆಗಲೇ ತನ್ನ ನಿಘಂಟಿನಲ್ಲಿ ಇದ್ದರೆ, ಹಳೆಯ ಅರ್ಥವನ್ನು ಹೊಡೆದುಹಾಕಿ ಹೊಸದನ್ನು ಬರೆದುಕೊಳ್ಳಬೇಕು. ಇದು ಪ್ಲಮ್ಮರ್ ಅವರ ನಿಯಮ. ಯಂತ್ರದ ಕಾರ್ಡು ಬದಲಾಗಿರಬಹುದು, ಹೊಸ ಮಾಹಿತಿಯೇ ಸರಿ ಇರಬಹುದು ಎಂಬುದು ಅದರ ಹಿಂದಿನ ತರ್ಕ. ಆದರೆ ಕೂಗಿದವರು ನಿಜ ಹೇಳುತ್ತಿದ್ದಾರೆಯೇ ಎಂದು ಪರೀಕ್ಷಿಸುವ ದಾರಿಯನ್ನು ಅದು ಇಟ್ಟಿಲ್ಲ. ಕಡೆಗೆ ಮಾತಾಡಿದವರ ಮಾತೇ ನಿಲ್ಲುತ್ತದೆ.

ಈಗ ಹತ್ತನೇ ನಂಬರು ಹೇಳಿಕೊಳ್ಳುವ ಯಂತ್ರಗಳು ಎರಡಿವೆ ಎಂದುಕೊಳ್ಳಿ. ಪ್ರಿಂಟರೊಂದು, ಯಾರದೋ ಫೋನೊಂದು. ಫೋನು ಬಾಯಿಬಿಟ್ಟಾಗ ಎಲ್ಲರ ನಿಘಂಟಿನಲ್ಲೂ ಹತ್ತು ಎಂದರೆ ಫೋನು. ನೀವು ಕಳಿಸಿದ ಪುಟ ಫೋನಿಗೆ ಹೋಗುತ್ತದೆ. ಇದು ನನ್ನದಲ್ಲ ಎಂದು ಅದು ತಳ್ಳಿಹಾಕುತ್ತದೆ. ಸ್ವಲ್ಪ ಹೊತ್ತಿಗೆ ಪ್ರಿಂಟರ್ ಮಾತಾಡುತ್ತದೆ, ಹತ್ತು ಮತ್ತೆ ಪ್ರಿಂಟರ್ ಆಗುತ್ತದೆ. ಕೆಟ್ಟು, ಸರಿಹೋಗಿ, ಮತ್ತೆ ಕೆಡುವ ಆ ವಿಚಿತ್ರ ಕಾಯಿಲೆಯ ಮೂಲ ಇದು. ಯಾವ ಯಂತ್ರವೂ ಹಾಳಾಗಿಲ್ಲ. ಎಲ್ಲವೂ ನಿಯಮದಂತೆಯೇ ನಡೆದಿವೆ. ಅದಕ್ಕೇ ರಿಪೇರಿಯವರಿಗೆ ಕೈಗೆ ಸಿಗುವುದಿಲ್ಲ.

ಖಾತೆ ಹಿಡಿದ ಯಂತ್ರ

ಮೊದಲು ಹೊಳೆದ ಪರಿಹಾರ ಶಾನುಭೋಗರನ್ನು ಬೀದಿಗೊಬ್ಬರಂತೆ ನೇಮಿಸುವುದು. 1984ರ ಜೂನಿನಲ್ಲಿ ಸ್ಟ್ಯಾನ್‌ಫರ್ಡ್‌ನವರು ಆರ್ಪನ್ನು ತಿರುವುಹಾಕಿದ ರಾರ್ಪ್ ತಂದರು: ನನ್ನ ಕಾರ್ಖಾನೆ ಸಂಖ್ಯೆ ಇದು, ನನ್ನ ಊರ ಹೆಸರು ಯಾವುದು ಹೇಳಿ, ಎಂದು ಯಂತ್ರವೇ ಕೇಳುವ ಏರ್ಪಾಟು. 1985ರಲ್ಲಿ ಬಿಲ್ ಕ್ರಾಫ್ಟ್ ಮತ್ತು ಜಾನ್ ಗಿಲ್ಮೋರ್ ಅವರ ಬೂಟ್‌ಪಿ ಬಂತು. 1993ರ ಅಕ್ಟೋಬರಿನಲ್ಲಿ ಬಕ್ನೆಲ್ ವಿಶ್ವವಿದ್ಯಾಲಯದ ರಾಲ್ಫ್ ಡ್ರೋಮ್ಸ್ ಅವರ ಡಿಎಚ್‌ಸಿಪಿ ಬಂತು. ನಿಮ್ಮ ಮನೆಯ ವೈಫೈ ಡಬ್ಬಿ ಇಂದಿಗೂ ನಡೆಸುವುದು ಇದನ್ನೇ.

ಡಿಎಚ್‌ಸಿಪಿಯ ಹೊಸತನ ಗುತ್ತಿಗೆ. ವಿಳಾಸವನ್ನು ಸ್ವಂತಕ್ಕೆ ಕೊಡುವುದಿಲ್ಲ, ಬಾಡಿಗೆಗೆ ಕೊಡುತ್ತದೆ. ಅರ್ಧ ಅವಧಿ ಕಳೆದಾಗ ಯಂತ್ರ ನವೀಕರಣ ಕೇಳಬೇಕು. ಉತ್ತರ ಬಾರದಿದ್ದರೆ ಎಂಟರಲ್ಲಿ ಏಳು ಪಾಲು ಕಳೆದ ಮೇಲೆ ಯಾರಾದರೂ ಕೊಡಿ ಎಂದು ಬೀದಿಗೆಲ್ಲ ಕೂಗಬೇಕು. ಅವಧಿ ಮುಗಿದರೆ ಮನೆ ಖಾಲಿ ಮಾಡಬೇಕು. ಮುಂಬೈಯ ಹನ್ನೊಂದು ತಿಂಗಳ ಅಗ್ರಿಮೆಂಟಿಗೆ ಸಹಿ ಹಾಕಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಆದರೆ ಶಾನುಭೋಗರಿಗೆ ತಮ್ಮ ಖಾತೆಯಲ್ಲಿ ಇರುವುದು ಮಾತ್ರ ಗೊತ್ತು. ಹೇಳದೆ ಕೇಳದೆ ಬಂದು ಕುಳಿತವರು ಗೊತ್ತಿಲ್ಲ. ಯಾರೋ ಪ್ರಿಂಟರಿಗೆ ಕೈಯಾರೆ ಹತ್ತು ಎಂದು ಬರೆದಿದ್ದರೆ, ಖಾತೆಯಲ್ಲಿ ಹತ್ತು ಖಾಲಿ ಎಂದೇ ಇರುತ್ತದೆ. ಇದನ್ನು ಡ್ರೋಮ್ಸ್ ಬಲ್ಲವರೇ. 1997ರ ಮಾರ್ಚಿನಲ್ಲಿ ಬಂದ ಪರಿಷ್ಕೃತ ನಿಯಮ, ಆರ್‌ಎಫ್‌ಸಿ 2131, ಎರಡೂ ಕಡೆಯವರಿಗೆ ಬುದ್ಧಿ ಹೇಳುತ್ತದೆ. ಕೊಡುವವರು ಕೊಡುವ ಮುಂಚೆ ಆ ವಿಳಾಸಕ್ಕೆ ಒಂದು ಕರೆ ಕಳಿಸಿ ನೋಡಬೇಕು. ಪಡೆದವರು ಹೊಸಿಲು ದಾಟುವ ಮುಂಚೆ ಆರ್ಪ್‌ನಿಂದ ಕೇಳಿ ನೋಡಬೇಕು. ಒಳಗೆ ಆಗಲೇ ಯಾರೋ ಇದ್ದರೆ ಬೇಡವೆಂದು ಹಿಂದಿರುಗಿಸಬೇಕು, ಕನಿಷ್ಠ ಹತ್ತು ಸೆಕೆಂಡು ಸುಮ್ಮನಿದ್ದು ಮತ್ತೆ ಮೊದಲಿಂದ ಕೇಳಬೇಕು. ಖಾತೆಯೊಂದೇ ಸಾಲದು, ಬೀದಿಯನ್ನೂ ಕೇಳಬೇಕು ಎಂಬ ಒಪ್ಪಿಗೆ ಇದು.

ಬಸ್ಸಿನ ಸೀಟು, ಟವೆಲ್ಲು

ಬೀದಿಯನ್ನೇ ನಂಬಿ ನಡೆದವರು ಬೇರೆ ಕಡೆ ಆಗಲೇ ಇದ್ದರು. 1985ರಲ್ಲಿ ಆಪಲ್ ಕಂಪನಿಯ ಮೆಕಿಂಟಾಷ್‌ಗಳನ್ನೂ ಲೇಸರ್ ಪ್ರಿಂಟರನ್ನೂ ಜೋಡಿಸಲು ಬಂದ ಆಪಲ್‌ಟಾಕ್‌ನಲ್ಲಿ ಶಾನುಭೋಗರೇ ಇರಲಿಲ್ಲ. ಗುರ್ಶರಣ್ ಸಿಧು ಅವರ ಮುಂದಾಳುತನದಲ್ಲಿ ರೂಪುಗೊಂಡ ಏರ್ಪಾಟು ಅದು. ಯಂತ್ರ ಎದ್ದ ಕೂಡಲೇ ತಾನೇ ಒಂದು ಸಂಖ್ಯೆಯನ್ನು ಊಹಿಸಿಕೊಂಡು, ಈ ಸಂಖ್ಯೆಯವರು ಯಾರಾದರೂ ಇದ್ದೀರಾ ಎಂದು ಕೇಳುತ್ತದೆ. ಇದ್ದೇನೆ ಎಂಬ ಉತ್ತರ ಬಂದರೆ ಇನ್ನೊಂದನ್ನು ಊಹಿಸುತ್ತದೆ. ಯಾರೂ ಮಾತಾಡದಿದ್ದರೆ ಅದು ತನ್ನದು. ಕಳೆದ ಸಲ ದಕ್ಕಿದ ಸಂಖ್ಯೆಯನ್ನು ನೆನಪಿಟ್ಟುಕೊಂಡು ಮುಂದಿನ ಸಲ ಮೊದಲು ಅದನ್ನೇ ಕೇಳುತ್ತದೆ.

ನಮ್ಮ ಬಸ್ ಸ್ಟ್ಯಾಂಡುಗಳಲ್ಲಿ ಸೀಟು ಹಿಡಿಯಲು ಎರಡು ದಾರಿ. ಒಂದು, ಕಿಟಕಿಯಿಂದ ಟವೆಲ್ಲು ಎಸೆಯುವುದು. ಇನ್ನೊಂದು, ಹತ್ತಿ ಹೋಗಿ, ಇಲ್ಲಿ ಯಾರಾದರೂ ಬರ್ತಾರಾ ಎಂದು ಪಕ್ಕದವರನ್ನು ಕೇಳಿ ಕೂರುವುದು. ಆಪಲ್‌ಟಾಕ್ ಎರಡನೆಯ ಬಗೆಯದು. ಐಪಿ ಲೋಕದಲ್ಲಿ ಬಹಳ ಕಾಲ ಮೊದಲನೆಯದೇ ನಡೆಯಿತು. ಯಂತ್ರ ಎದ್ದ ಕೂಡಲೇ ತನ್ನ ವಿಳಾಸವನ್ನೇ ಕುರಿತು ಆರ್ಪ್ ಕೂಗುತ್ತಿತ್ತು. ಯಾರೂ ಕೇಳದೆ ಕೊಟ್ಟ ಉತ್ತರ ಅದು.

ಭಾಷಾಶಾಸ್ತ್ರ ಓದಿದವರಿಗೆ ಇಲ್ಲಿ ಜೆ. ಎಲ್. ಆಸ್ಟಿನ್ ನೆನಪಾಗದೆ ಇರುವುದಿಲ್ಲ. ಕೆಲವು ಮಾತುಗಳು ಇರುವುದನ್ನು ವರದಿ ಮಾಡುವುದಿಲ್ಲ, ಆಡಿದಾಗಲೇ ಕೆಲಸ ಮಾಡಿಬಿಡುತ್ತವೆ ಎಂದರು ಅವರು; 1962ರಲ್ಲಿ ಪುಸ್ತಕವಾಗಿ ಬಂದ ಉಪನ್ಯಾಸಗಳಲ್ಲಿ. ಸಭೆ ಮುಗಿಯಿತು ಎಂದು ಅಧ್ಯಕ್ಷರು ಹೇಳಿದರೆ ಸಭೆ ಮುಗಿಯುತ್ತದೆ. ಹತ್ತನೇ ನಂಬರು ನಾನು ಎಂಬ ಕೂಗೂ ಅಂಥದ್ದೇ. ಕೂಗುತ್ತಿದ್ದಂತೆ ಬೀದಿಯ ನಿಘಂಟುಗಳೆಲ್ಲ ಬದಲಾಗುತ್ತವೆ. ಅಂಥ ಮಾತಿಗೆ ಆಡುವವರ ಅಧಿಕಾರ ಬೇಕು ಎಂದೂ ಆಸ್ಟಿನ್ ಹೇಳಿದ್ದರು. ಆರ್ಪ್‌ನಲ್ಲಿ ಆ ಷರತ್ತು ಮಾತ್ರ ಇಲ್ಲ.

ತೊಂದರೆ ನೋಡಿ. ಇಲ್ಲಿ ಬೇರೆಯವರಿದ್ದಾರೆಯೇ ಎಂದು ತಿಳಿಯಲು ಕೂಗಿದ ಕೂಗೇ ಇದ್ದವರನ್ನು ಎಬ್ಬಿಸಿಬಿಡುತ್ತದೆ. ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಮೈಕ್ರೋಸಾಫ್ಟ್ ಇದಕ್ಕೊಂದು ತೇಪೆ ಹಾಕಿತ್ತು. ವಿಂಡೋಸ್ ಯಂತ್ರ ಎದ್ದು ತನ್ನ ವಿಳಾಸ ಕೂಗಿದಾಗ ಹಳಬರು ಉತ್ತರಿಸಿದರೆ, ಹೊಸಬ ಆ ವಿಳಾಸವನ್ನು ಬಿಟ್ಟು ಪರದೆಯ ಮೇಲೆ ದೂರು ತೋರಿಸುತ್ತಿತ್ತು. ಅಷ್ಟಕ್ಕೇ ನಿಲ್ಲದೆ ಇನ್ನೊಂದು ಸಲ ಕೂಗುತ್ತಿತ್ತು, ಈ ಬಾರಿ ಹಳಬರ ಕಾರ್ಖಾನೆ ಸಂಖ್ಯೆಯನ್ನು ಹಾಕಿ. ತನ್ನಿಂದ ಕೆಟ್ಟ ನಿಘಂಟುಗಳನ್ನು ತಾನೇ ಸರಿಪಡಿಸಿ ಹೋಗುವ ಕ್ರಮ. ಬೇರೆಯವರ ಸೀಟಿನಲ್ಲಿ ಕುಳಿತು, ಎದ್ದು, ಇದು ಇವರದು ಎಂದು ಬಸ್ಸಿಗೆಲ್ಲ ಕೇಳುವಂತೆ ಹೇಳಿ ಹಿಂದಕ್ಕೆ ಸರಿದಂತೆ.

ಎಲ್ಲ ಮನೆಗೂ ಒಂದೇ ನಂಬರು

ಈ ನಡುವೆ ಸಂಖ್ಯೆಗಳು ಸಾಲದೆ ಬಂದವು. 1994ರ ಮಾರ್ಚಿನಲ್ಲಿ ಯಾಕೋವ್ ರೆಖ್ಟರ್ ಮತ್ತು ಸಂಗಡಿಗರು ಒಂದು ಸಲಹೆ ಮುಂದಿಟ್ಟರು. ಕೆಲವು ವಿಳಾಸಗಳನ್ನು ಯಾರಿಗೂ ಕೊಡದೆ ತೆಗೆದಿಡೋಣ. ಯಾವ ಸಂಸ್ಥೆ ಬೇಕಾದರೂ ತನ್ನ ಗೋಡೆಯೊಳಗೆ ಅವನ್ನು ಬಳಸಲಿ, ಹೊರಗೆ ತೋರಿಸದಿದ್ದರಾಯಿತು. ಹಾಗೆ ತೆಗೆದಿಟ್ಟವುಗಳಲ್ಲಿ 10ರಿಂದ ಶುರುವಾಗುವವು ಒಂದು ಕಂತೆ. ಒಂದು ಕಾಲಕ್ಕೆ ಅದು ಆರ್ಪಾನೆಟ್‌ನದೇ ಸಂಖ್ಯೆ. 1990ರಲ್ಲಿ ಆರ್ಪಾನೆಟ್ ಕಣ್ಣುಮುಚ್ಚಿದ ಮೇಲೆ ಖಾಲಿ ಬಿದ್ದಿತ್ತು. ಹಿರಿಯರ ಮನೆ ಊರವರ ಛತ್ರವಾದಂತಾಯಿತು.

ಎಲ್ಲರಿಗೂ ಇದು ಹಿಡಿಸಲಿಲ್ಲ. ಅದೇ ಜುಲೈಯಲ್ಲಿ ಎಲಿಯಟ್ ಲಿಯರ್ ಮತ್ತಿತರರು ಇದು ಹಾನಿಕರ ಎಂದು ಪ್ರತಿವಾದ ಬರೆದರು. ವಿಳಾಸವೆಂದರೆ ಜಗತ್ತಿನಲ್ಲೇ ಒಂದು ಎಂಬ ಒಪ್ಪಂದವನ್ನು ಮುರಿದರೆ, ನಾಳೆ ಎರಡು ಸಂಸ್ಥೆಗಳು ಒಂದಾದಾಗ ಎರಡೂ ಕಡೆ ಅದೇ ಸಂಖ್ಯೆಗಳಿದ್ದು ಪಡಿಪಾಟಲಾಗುತ್ತದೆ ಎಂಬುದು ಅವರ ಆತಂಕ. ವಾದ ನಡೆದು, 1996ರ ಫೆಬ್ರವರಿಯಲ್ಲಿ ಆರ್‌ಎಫ್‌ಸಿ 1918 ಎಂಬ ರಾಜಿಪತ್ರ ಬಂತು. ಅದರ ಐವರು ಲೇಖಕರಲ್ಲಿ ವಿರೋಧಿಸಿದ್ದ ಲಿಯರ್ ಕೂಡ ಒಬ್ಬರು.

ಭಾರತದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಐಐಟಿಗಳು ಮುಂತಾದವು ಎಂಬತ್ತರ ದಶಕದಿಂದಲೇ ಅರ್ನೆಟ್ ಮೂಲಕ ಜಾಲದಲ್ಲಿದ್ದವು. ಜನಸಾಮಾನ್ಯರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದಿಂದ. ಅಂದರೆ ನಾವು ಬೀದಿಗೆ ಬರುವ ಹೊತ್ತಿಗೆ ಸ್ವಂತ ನಂಬರಿನ ಕಾಲ ಮುಗಿಯುತ್ತಾ ಬಂದಿತ್ತು. ನಮ್ಮ ಸೈಬರ್ ಕೆಫೆಗಳು, ಸಣ್ಣ ಆಫೀಸುಗಳು, ಆಮೇಲೆ ಮನೆಗಳು ಬೆಳೆದದ್ದು ಈ ಹಂಚಿಕೆಯ ಸಂಖ್ಯೆಗಳ ಮೇಲೆ. 2011ರ ಫೆಬ್ರವರಿ 3ರಂದು ಜಾಗತಿಕ ಉಗ್ರಾಣದ ಕೊನೆಯ ಕಂತೆಗಳನ್ನೂ ಹಂಚಿ ಮುಗಿಸಲಾಯಿತು. ಇಂದು ಪುಣೆಯ ನಿಮ್ಮ ಮನೆಯಲ್ಲೂ ಧಾರವಾಡದ ನಿಮ್ಮ ಅಕ್ಕನ ಮನೆಯಲ್ಲೂ ರೂಟರಿನ ವಿಳಾಸ 192.168.1.1 ಎಂದೇ ಇರುವ ಸಂಭವ ಹೆಚ್ಚು. ಎರಡು ಮನೆಗಳ ನಡುವೆ ಗೋಡೆ ಇರುವ ತನಕ ತೊಂದರೆ ಇಲ್ಲ.

ಹೆಸರಿಲ್ಲದೆ ಕೇಳುವ ಪ್ರಶ್ನೆ

ಕೇಳುವ ಕ್ರಮವನ್ನು ಸರಿಯಾಗಿ ಬರೆದಿಡುವ ಕೆಲಸಕ್ಕೆ ಕೈಹಾಕಿದವರಲ್ಲಿ ಮುಖ್ಯರು ಆಪಲ್‌ನ ಸ್ಟುವರ್ಟ್ ಚೆಶೈರ್. 2005ರ ಮೇ ತಿಂಗಳ ಆರ್‌ಎಫ್‌ಸಿ 3927ರಲ್ಲಿ ಅವರೂ ಸಂಗಡಿಗರೂ ಆಪಲ್‌ಟಾಕ್‌ನ ಬಗೆಯನ್ನು ಐಪಿಗೆ ತಂದರು: ಶಾನುಭೋಗರು ಸಿಗದಿದ್ದರೆ 169.254ರಿಂದ ಶುರುವಾಗುವ 65,024 ವಿಳಾಸಗಳಲ್ಲಿ ಒಂದನ್ನು ಊಹಿಸಿ, ಬೀದಿಯನ್ನು ಕೇಳಿ, ಕೂರುವುದು. 1,300 ಯಂತ್ರಗಳಿರುವ ಜಾಲದಲ್ಲೂ ಹೊಸಬನಿಗೆ ಮೊದಲ ಊಹೆಯಲ್ಲೇ ಖಾಲಿ ಜಾಗ ಸಿಗುವ ಸಂಭವ ನೂರಕ್ಕೆ 98.

2008ರ ಜುಲೈಯಲ್ಲಿ ಬಂದ ಚೆಶೈರ್ ಅವರ ಆರ್‌ಎಫ್‌ಸಿ 5227 ಎಲ್ಲ ಐಪಿ ವಿಳಾಸಗಳಿಗೂ ಅನ್ವಯಿಸುವಂಥದ್ದು. ಟವೆಲ್ಲಿನ ತೊಂದರೆಗೆ ಅವರು ಕಂಡುಕೊಂಡ ಪರಿಹಾರ ಹೀಗಿದೆ. ಕೇಳುವಾಗ ನಿಮ್ಮ ಹೆಸರಿನ ಜಾಗದಲ್ಲಿ ಸೊನ್ನೆ ಬರೆಯಿರಿ. ಹತ್ತನೇ ನಂಬರಿನವರು ಯಾರಾದರೂ ಇದ್ದೀರಾ, ಕೇಳುತ್ತಿರುವವನಿಗೆ ಇನ್ನೂ ಹೆಸರಿಲ್ಲ. ಹೆಸರು ಹೇಳದ ಕೂಗಿನಿಂದ ಯಾರ ನಿಘಂಟೂ ಕೆಡುವುದಿಲ್ಲ. ಒಂದು ಸೆಕೆಂಡಿನೊಳಗೆ ಎಷ್ಟಾದರೂ ತಡೆದು ಶುರುಮಾಡಿ, ಒಂದೆರಡು ಸೆಕೆಂಡು ಬಿಟ್ಟು ಬಿಟ್ಟು ಮೂರು ಸಲ ಕೇಳಬೇಕು, ಆಮೇಲೆ ಎರಡು ಸೆಕೆಂಡು ಕಾಯಬೇಕು. ಉತ್ತರ ಬಂದರೆ ಹಿಂದೆ ಸರಿಯಬೇಕು. ಅದೇ ಹೊತ್ತಿಗೆ ಇನ್ನೊಬ್ಬ ಹೆಸರಿಲ್ಲದವನೂ ಅದನ್ನೇ ಕೇಳುತ್ತಿರುವುದು ಕಿವಿಗೆ ಬಿದ್ದರೂ ಸರಿಯಬೇಕು. ಎಲ್ಲ ನಿಶ್ಶಬ್ದವಾಗಿದ್ದರೆ ಮಾತ್ರ, ಇನ್ನು ಹತ್ತನೆಯವನು ನಾನು ಎಂದು ಎರಡು ಸಲ ಸಾರಬೇಕು. ಹತ್ತು ಸಲ ಮುಖಭಂಗವಾದ ಮೇಲೆ ನಿಮಿಷಕ್ಕೆ ಒಂದಕ್ಕಿಂತ ಹೆಚ್ಚು ವಿಳಾಸ ಕೇಳುವಂತಿಲ್ಲ.

ಇಷ್ಟಾದರೂ ಜಗಳ ಬರಬಹುದು. ಎರಡು ಬೇರೆ ಬೇರೆ ಕೋಣೆಗಳಲ್ಲಿ ಇಬ್ಬರು ಕ್ರಮವಾಗಿ ಕೇಳಿ, ಉತ್ತರ ಬಾರದೆ, ಹತ್ತನೆಯವರಾಗಿ ಕುಳಿತಿದ್ದಾರೆ. ಆಮೇಲೆ ಯಾರೋ ನಡುವಿನ ಕೇಬಲ್ ಜೋಡಿಸಿದರು. ಈಗ ಇಬ್ಬರದೂ ನ್ಯಾಯವಾದ ಹಕ್ಕು. ಸುಳ್ಳು ಹೇಳಿದವರು ಯಾರೂ ಇಲ್ಲ.

ಚೆಶೈರ್ ಇಲ್ಲಿ ಮೂರು ನಡವಳಿಕೆಗಳನ್ನು ಅನುಮತಿಸುತ್ತಾರೆ. ಒಂದು, ತಕ್ಷಣ ಬಿಟ್ಟುಕೊಡುವುದು. ಎರಡು, ನಡುವೆ ನಿಲ್ಲಿಸಲಾಗದ ಕೆಲಸವಿದ್ದರೆ ಒಮ್ಮೆ ಮಾತ್ರ, ಇದು ನನ್ನದು, ಎಂದು ಹೇಳುವುದು. ಹತ್ತು ಸೆಕೆಂಡಿನೊಳಗೆ ಎದುರಿನವರು ಮತ್ತೆ ಅದನ್ನೇ ಹೇಳಿದರೆ ಬಿಟ್ಟುಬಿಡುವುದು. ಮೂರು, ರೂಟರಿನಂತೆ ಇಡೀ ಬೀದಿ ನೆಚ್ಚಿಕೊಂಡಿರುವ ಯಂತ್ರವಾದರೆ ಬಿಟ್ಟುಕೊಡದೆ ನಿಲ್ಲುವುದು. ಆದರೆ ಹತ್ತು ಸೆಕೆಂಡಿಗೊಮ್ಮೆಗಿಂತ ಹೆಚ್ಚು ಕೂಗಕೂಡದು, ಮನುಷ್ಯರಿಗೆ ವಿಷಯ ತಿಳಿಸಬೇಕು.

ಎರಡನೆಯ ನಿಯಮವನ್ನು ಬಿಡಿಸಿ ನೋಡಿದರೆ ಒಂದು ಸ್ವಾರಸ್ಯವಿದೆ. ಇಬ್ಬರೂ ಅದನ್ನೇ ಪಾಲಿಸಿದರೆ, ಮೊದಲು ಗಮನಿಸಿದವರು ಒಮ್ಮೆ ಹೇಳುತ್ತಾರೆ. ಅದನ್ನು ಕೇಳಿ ಎರಡನೆಯವರು ಒಮ್ಮೆ ಹೇಳುತ್ತಾರೆ. ಮೊದಲಿನವರಿಗೆ ಅದು ಎರಡನೆಯ ಪೆಟ್ಟು; ಅವರು ಏಳುತ್ತಾರೆ. ಅಂದರೆ ಜಗಳವನ್ನು ಮೊದಲು ಕಂಡವರೇ ಜಾಗ ಬಿಡುತ್ತಾರೆ. ಇದು ನ್ಯಾಯವೇ? ನ್ಯಾಯದ ಮಾತೇ ಇಲ್ಲಿ ಬರುವುದಿಲ್ಲ. ಯಾರು ಮೊದಲು ಬಂದರು, ಯಾರಿಗೆ ಹಕ್ಕು ಹೆಚ್ಚು ಎಂದು ಅಳೆಯುವ ಸಾಧನ ಬೀದಿಯಲ್ಲಿಲ್ಲ. ಇಬ್ಬರೂ ಕೊನೆಯಿಲ್ಲದೆ ಕೂಗುತ್ತಾ ಇಡೀ ಬೀದಿಯನ್ನು ಕೆಡಿಸಬಾರದು, ಅಷ್ಟೇ ನಿಯಮದ ಉದ್ದೇಶ. ಎದ್ದವರಿಗೆ ನಷ್ಟವೂ ದೊಡ್ಡದಲ್ಲ. ಕೆಲವು ಸೆಕೆಂಡುಗಳಲ್ಲಿ ಇನ್ನೊಂದು ಸೀಟು ಸಿಗುತ್ತದೆ.

ನಿಮ್ಮ ಮನೆಯಲ್ಲಿ

ಇಷ್ಟು ಇತಿಹಾಸ ಗೊತ್ತಿದ್ದರೆ ರಿಪೇರಿ ಸುಲಭ. ಸೂಚನೆ ಕಂಡಾಗ ಮೊದಲು ಜಗಳದಲ್ಲಿರುವ ವಿಳಾಸವನ್ನು ಬರೆದುಕೊಳ್ಳಿ. ಆ ವಿಳಾಸದ ಯಂತ್ರ ಯಾವುದೆಂದು ನಿಮಗೆ ಗೊತ್ತಿದ್ದರೆ ಅದನ್ನು ಜಾಲದಿಂದ ಬಿಚ್ಚಿ, ಬೇರೆ ಕಂಪ್ಯೂಟರಿನಿಂದ ಅದೇ ವಿಳಾಸಕ್ಕೆ ಕರೆ ಕಳಿಸಿ, ಆ ಕಂಪ್ಯೂಟರಿನ ಆರ್ಪ್ ಪಟ್ಟಿ ತೆರೆದು ನೋಡಿ. ಅಲ್ಲಿ ಕಾಣುವ ಮ್ಯಾಕ್ ಸಂಖ್ಯೆ ಎರಡನೆಯ ವಾರಸುದಾರರದು. ಅದರ ಮೊದಲರ್ಧ ತಯಾರಕರನ್ನು ಹೇಳುತ್ತದೆ. ಪ್ರಿಂಟರೋ ಕ್ಯಾಮೆರಾವೋ ಟಿವಿಯೋ ಎಂದು ಅಂದಾಜಾಗುತ್ತದೆ.

ಹೆಚ್ಚಿನ ಸಲ ಕಾರಣ ಎರಡರಲ್ಲಿ ಒಂದು. ಯಾರೋ ಯಾವುದೋ ಯಂತ್ರಕ್ಕೆ ಕೈಯಾರೆ ವಿಳಾಸ ಬರೆದಿದ್ದಾರೆ, ಅದು ರೂಟರ್ ಹಂಚುವ ಸಾಲಿನೊಳಗೇ ಬಿದ್ದಿದೆ. ಇಲ್ಲವೇ ವೈಫೈ ದೂರ ಹೋಗಲೆಂದು ಎರಡನೆಯ ರೂಟರ್ ತಂದು ಜೋಡಿಸಿದ್ದಾರೆ, ಈಗ ಬೀದಿಯಲ್ಲಿ ಇಬ್ಬರು ಶಾನುಭೋಗರು ಒಂದೇ ಸಾಲಿನಿಂದ ಹಂಚುತ್ತಿದ್ದಾರೆ. ಮೊದಲನೆಯದಕ್ಕೆ, ಆ ಯಂತ್ರವನ್ನು ಡಿಎಚ್‌ಸಿಪಿಗೆ ಬಿಟ್ಟು, ಅದರ ವಿಳಾಸವನ್ನು ರೂಟರಿನ ಖಾತೆಯಲ್ಲೇ ಕಾಯ್ದಿರಿಸಿ. ಎರಡನೆಯದಕ್ಕೆ, ಒಂದು ರೂಟರಿನ ಡಿಎಚ್‌ಸಿಪಿ ನಿಲ್ಲಿಸಿ, ಅದರ ಸ್ವಂತ ವಿಳಾಸವನ್ನೂ ಬದಲಾಯಿಸಿ. ಆಮೇಲೆ ಯಂತ್ರಗಳನ್ನು ಒಮ್ಮೆ ಆರಿಸಿ ಹಚ್ಚಿದರೆ ಹಳೆಯ ನಿಘಂಟುಗಳು ಅಳಿಸಿಹೋಗುತ್ತವೆ. ಬರೀ ಆರಿಸಿ ಹಚ್ಚಿ ಕೈತೊಳೆದುಕೊಂಡರೆ ಕಾರಣ ಹಾಗೆಯೇ ಉಳಿದು, ಮುಂದಿನ ವಾರ ಅದೇ ಜಗಳ ಮರಳಬಹುದು.

ಕಾರ್ಖಾನೆಯ ಹೆಸರೂ ಸಡಿಲವಾದಾಗ

ಕೊನೆಯದಾಗಿ ದಲಾಲ್ ಅವರ 48 ಬಿಟ್‌ಗಳ ಕಡೆ ಮರಳಬೇಕು. ಹುಟ್ಟುವಾಗಲೇ ಅಚ್ಚೊತ್ತಿದ, ಊರು ಬಿಟ್ಟರೂ ಬಿಡದ ಆ ಹೆಸರಿನಿಂದ ಇನ್ನೊಂದು ತೊಂದರೆ ಹುಟ್ಟಿತು. ನೀವು ಹೋದ ಅಂಗಡಿ, ವಿಮಾನ ನಿಲ್ದಾಣ, ಹೋಟೆಲಿನಲ್ಲೆಲ್ಲ ಫೋನು ಅದೇ ಹೆಸರು ಹೇಳಿದರೆ ನಿಮ್ಮ ಓಡಾಟವನ್ನು ಹಿಂಬಾಲಿಸಬಹುದು. ಗುರುತು ಎಂದಿದ್ದದ್ದು ಪತ್ತೆಯಾಯಿತು. ಅದಕ್ಕಾಗಿ 2019ರ ಆಂಡ್ರಾಯ್ಡ್ 10, 2020ರ ಐಒಎಸ್ 14 ಬಂದ ಮೇಲೆ ಫೋನುಗಳು ಒಂದೊಂದು ವೈಫೈಗೂ ಒಂದೊಂದು ಊಹೆಯ ಮ್ಯಾಕ್ ಸಂಖ್ಯೆ ಹೇಳತೊಡಗಿದವು. ಆರ್ಪ್ ಪಟ್ಟಿಯಲ್ಲಿ ಮ್ಯಾಕ್ ಸಂಖ್ಯೆಯ ಎರಡನೆಯ ಅಕ್ಷರ 2, 6, ಎ ಅಥವಾ ಇ ಆಗಿದ್ದರೆ ಅದು ಕಾರ್ಖಾನೆಯ ಹೆಸರಲ್ಲ, ಇಟ್ಟುಕೊಂಡ ಹೆಸರು.

ಆರ್ಪ್‌ನ ನಂಬುಗೆಯನ್ನು ಬೇಕೆಂದೇ ದುರ್ಬಳಕೆ ಮಾಡುವವರೂ ಇದ್ದಾರೆ. ರೂಟರ್ ನಾನೇ ಎಂದು ಕೂಗಿ ಬೀದಿಯವರ ಕಾಗದಗಳನ್ನೆಲ್ಲ ತಮ್ಮ ಕೈಯಿಂದ ಹಾದುಹೋಗುವಂತೆ ಮಾಡುವುದು ಹಳೆಯ ವಿದ್ಯೆ. ದೊಡ್ಡ ಸಂಸ್ಥೆಗಳು ಯಾವ ತಂತಿಯಿಂದ ಯಾವ ಹೆಸರು ಬರಬಹುದೆಂದು ಸ್ವಿಚ್ಚುಗಳಲ್ಲೇ ಕಾವಲಿಡುತ್ತವೆ. ಮನೆಗಳಲ್ಲಿ ಸಾಮಾನ್ಯವಾಗಿ ಅಂಥ ಕಾವಲು ಇರುವುದಿಲ್ಲ. ಅಲ್ಲಿ ವೈಫೈ ಪಾಸ್‌ವರ್ಡ್ ಯಾರಿಗೆ ಕೊಡುತ್ತೇವೆ ಎಂಬುದೇ ಕಾವಲು.

128 ಬಿಟ್ ವಿಳಾಸಗಳ ಐಪಿ ಆರನೇ ಆವೃತ್ತಿಯಲ್ಲಿ ಎಣಿಸಲಾಗದಷ್ಟು ಸಂಖ್ಯೆಗಳಿವೆ. ಇಬ್ಬರು ಒಂದನ್ನೇ ಊಹಿಸುವ ಸಂಭವ ಇಲ್ಲವೆನ್ನುವಷ್ಟು ಕಡಿಮೆ. ಆದರೂ ಅದನ್ನು ರೂಪಿಸಿದವರು ಕೇಳುವ ಕ್ರಮವನ್ನು ಬಿಡಲಿಲ್ಲ. ಅಲ್ಲೂ ಹೊಸ ವಿಳಾಸ ಮೊದಲು ತಾತ್ಕಾಲಿಕ. ಯಂತ್ರ ತನ್ನ ಹೆಸರನ್ನು ಖಾಲಿ ಬಿಟ್ಟು, ಈ ವಿಳಾಸದವರು ಯಾರಾದರೂ ಇದ್ದೀರಾ ಎಂದು ಬೀದಿಯನ್ನು ಕೇಳಬೇಕು, ಸ್ವಲ್ಪ ಕಾಯಬೇಕು, ಆಮೇಲೆ ಕೂರಬೇಕು. ಬಸ್ಸು ಎಷ್ಟೇ ಖಾಲಿಯಿದ್ದರೂ ಅವರು ಈ ಪ್ರಶ್ನೆಯನ್ನು ಉಳಿಸಿಕೊಂಡದ್ದು ಒಳ್ಳೆಯದಾಯಿತು ಎಂದೇ ನನಗನಿಸುತ್ತದೆ.